ಮರಿ ಮಾಡುವ ಪೆಟ್ಟಿಗೆ: ಕೊಳ್ಳುವ ಮೊದಲು ತತ್ತಿ ಎಣಿಸಿರಿ



ನಮ್ಮ ಮೊರಬದಲ್ಲಿ ಸಂಜೆ ಓದಲು ಬರುವ ಒಬ್ಬ ಅಕ್ಕ ಇದ್ದಾರೆ. ಒಂದು ದಿನ ಪಾಠ ಮುಗಿಯಿತು. ಎಲ್ಲರೂ ಮನೆಗೆ ಹೋದರು. ಆ ಅಕ್ಕ ಹೋಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದರು. ಚೀಟಿಯಲ್ಲಿ ಒಂದು ಮಶೀನಿನ ಚಿತ್ರ ಇತ್ತು. ಕೆಳಗೆ ಅಕ್ಷರ ಇದ್ದವು. ಅವರೇ ಬೆರಳಿಟ್ಟು ಓದಿದರು: "50 ತತ್ತಿ. 6,000 ರೂಪಾಯಿ."

"ಅಕ್ಕೋರ, ಕೋಳಿ ಕಾವಿಗೆ ಕುಂಡ್ರದಿದ್ರೂ ಮರಿ ಮಾಡೂ ಪೆಟಗಿ ಅಂತ್ರಿ ಇದು. ಮೂರು ತಿಂಗಳ ಗೃಹಲಕ್ಷ್ಮಿ ರೊಕ್ಕ ಮುಟ್ಟದ ಇಟ್ಟೇನಿ. ತಗೊಳ್ಳಲೇನ್ರಿ?"

"ಮೂರು ತಿಂಗಳಿಗೆ ಎಷ್ಟಾತಬೇ?" ಎಂದೆ.

"ತಿಂಗಳಿಗೆ 2,000. ಮೂರು ತಿಂಗಳಿಗೆ 6,000. ಬರೋಬ್ಬರಿ ಆಗತೈತ್ರಿ."

ಲೆಕ್ಕ ಸರಿಯಾಗಿತ್ತು. ನನಗೆ ಸಂತೋಷವಾಯಿತು. ಆದರೆ ಇನ್ನೊಂದು ಲೆಕ್ಕ ಉಳಿದಿತ್ತು.

"ಯಕ್ಕಾ, ನಿಮ್ಮ ಮನ್ಯಾಗ ಎಷ್ಟು ಹ್ಯಾಟಿ ಅದಾವ? ವಾರಕ್ಕ ಎಷ್ಟು ತತ್ತಿ ಇಡತಾವ?"

"ನಾಕು ಹ್ಯಾಟಿ, ಒಂದು ಹುಂಜ ಅದಾವ್ರಿ. ತತ್ತಿ ಎಣಿಸಿಲ್ಲ ನೋಡ್ರಿ."

ಕೋಳಿಯ ರೊಕ್ಕ ಹೆಣ್ಣುಮಕ್ಕಳ ಕೈರೊಕ್ಕ. ಮಕ್ಕಳ ಪಾಟಿ, ಪೆನ್ಸಿಲ್, ಔಷಧ, ಹಬ್ಬದ ಬಳೆ ಇದರಲ್ಲೇ ಬರುತ್ತವೆ. ಯಾರನ್ನೂ ಕೇಳದೆ ಖರ್ಚು ಮಾಡುವ ರೊಕ್ಕ ಇದು. ಇದನ್ನು ಹಾಕುವ ಮೊದಲು ವಿಚಾರ ಮಾಡಬೇಕು. ಬನ್ನಿ, ಕೂಡಿ ವಿಚಾರ ಮಾಡೋಣ.

ಕೋಳಿ ಏನು ಮಾಡುತ್ತದೆ?

ಜವಾರಿ ಕೋಳಿ ಕಾವಿಗೆ ಕುಳಿತರೆ ಸುಮ್ಮನೆ ಕುಳಿತಂತೆ ಕಾಣುತ್ತದೆ. ಆದರೆ ಅದು ನಾಲ್ಕು ಕೆಲಸ ಮಾಡುತ್ತದೆ.

ಒಂದು, ಬಿಸಿ ಕೊಡುತ್ತದೆ. ಅದರ ಹೊಟ್ಟೆಯ ಮೇಲಿನ ಪುಕ್ಕ ಉದುರಿರುತ್ತದೆ. ಬರಿ ಚರ್ಮ ತತ್ತಿಗೆ ತಾಗುತ್ತದೆ.

ಎರಡು, ತೇವ ಕಾಯುತ್ತದೆ. ತತ್ತಿ ಪೂರ್ತಿ ಒಣಗಲು ಬಿಡುವುದಿಲ್ಲ.

ಮೂರು, ತತ್ತಿ ತಿರುಗಿಸುತ್ತದೆ. ಕೊಕ್ಕಿನಿಂದ ಮೆಲ್ಲಗೆ ಹೊರಳಿಸುತ್ತದೆ. ತಿರುಗಿಸದಿದ್ದರೆ ಒಳಗಿನ ಮರಿ ಒಂದೇ ಕಡೆ ಅಂಟಿಕೊಂಡು ಸಾಯುತ್ತದೆ.

ನಾಲ್ಕು, ಗಾಳಿ ಬಿಡುತ್ತದೆ. ದಿನಕ್ಕೆ ಒಂದು ಸಲ ಎದ್ದು ಕಾಳು ತಿಂದು ನೀರು ಕುಡಿದು ಬರುತ್ತದೆ. ಆಗ ತತ್ತಿಗೆ ಗಾಳಿ ಸಿಗುತ್ತದೆ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿವೆ. ಒಳಗಿನ ಮರಿ ಅವುಗಳ ಮೂಲಕ ಉಸಿರಾಡುತ್ತದೆ.

ಬಿಸಿ, ತೇವ, ತಿರುವು, ಗಾಳಿ. ಈ ನಾಲ್ಕು 21 ದಿನ ಸರಿಯಾಗಿ ನಡೆದರೆ ಕೋಳಿಮರಿ ಹೊರಗೆ ಬರುತ್ತದೆ. ಬಾತುಕೋಳಿಗೆ 28 ದಿನ ಬೇಕು.

ಪೆಟ್ಟಿಗೆ ಏನು ಮಾಡುತ್ತದೆ?

ಪೆಟ್ಟಿಗೆಯೂ ಇದೇ ನಾಲ್ಕು ಕೆಲಸ ಮಾಡುತ್ತದೆ. ಇದರ ಹೆಸರು ಇನ್‌ಕ್ಯುಬೇಟರ್. ಕಾವು ಪೆಟ್ಟಿಗೆ ಎನ್ನೋಣ.

ಕರೆಂಟಿನ ತಂತಿ ಅಥವಾ ಬಲ್ಬು ಬಿಸಿ ಕೊಡುತ್ತದೆ. ನೀರಿನ ತಟ್ಟೆ ತೇವ ಕೊಡುತ್ತದೆ. ಫ್ಯಾನು ಬಿಸಿ ಗಾಳಿಯನ್ನು ಎಲ್ಲ ಕಡೆ ಹರಡುತ್ತದೆ. ತತ್ತಿಯನ್ನು ಮಶೀನು ತಿರುಗಿಸುತ್ತದೆ, ಇಲ್ಲವೆ ನಮ್ಮ ಕೈ ತಿರುಗಿಸುತ್ತದೆ.

ಇದು ಹೊಸ ವಿದ್ಯೆ ಅಲ್ಲ. ಈಜಿಪ್ಟ್ ದೇಶದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಹೀಗೆ ಮರಿ ಮಾಡುತ್ತಿದ್ದರು. ಕರೆಂಟ್ ಇರಲಿಲ್ಲ. ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆ ಕಟ್ಟಿ ಸಾವಿರಾರು ತತ್ತಿ ಇಡುತ್ತಿದ್ದರು. ಬಿಸಿ ಸರಿ ಇದೆಯೋ ಇಲ್ಲವೋ ತಿಳಿಯಲು ತತ್ತಿಯನ್ನು ಕಣ್ಣ ರೆಪ್ಪೆಗೆ ತಾಗಿಸಿ ನೋಡುತ್ತಿದ್ದರು. ಹಗಲು ರಾತ್ರಿ ಒಬ್ಬರು ಅಲ್ಲೇ ಇರುತ್ತಿದ್ದರು.

ಇಂದಿನ ಪೆಟ್ಟಿಗೆಗೂ ಕಾಯುವವರು ಬೇಕು. ಪೆಟ್ಟಿಗೆ ಮರಿ ಮಾಡುವುದಿಲ್ಲ. ಪೆಟ್ಟಿಗೆ ಇಟ್ಟುಕೊಂಡು ನಾವು ಮರಿ ಮಾಡಬೇಕು.

ಮೊದಲು ತತ್ತಿ ಎಣಿಸಿರಿ

ಮರಿ ಮಾಡಲು ಇಡುವ ತತ್ತಿ 7 ದಿನಕ್ಕಿಂತ ಹಳೆಯದು ಇರಬಾರದು. ಹಳೆಯದಾದಷ್ಟೂ ಮರಿ ಆಗುವುದು ಕಡಿಮೆ. ಅಂದರೆ ಪೆಟ್ಟಿಗೆ ತುಂಬಲು ನಮಗೆ ಸಿಗುವುದು ಒಂದೇ ವಾರ.

ಈಗ ಆ ಅಕ್ಕನ ಮನೆಯ ಲೆಕ್ಕ ನೋಡೋಣ. ಜವಾರಿ ಹ್ಯಾಟಿ ದಿನಾಲು ತತ್ತಿ ಇಡುವುದಿಲ್ಲ. ಇಡುವ ಕಾಲದಲ್ಲಿ ವಾರಕ್ಕೆ 4 ಎಂದು ಹಿಡಿಯೋಣ. ನಾಲ್ಕು ಹ್ಯಾಟಿಗೆ 16 ತತ್ತಿ. ಪೆಟ್ಟಿಗೆಯಲ್ಲಿ ಜಾಗ ಇರುವುದು 50ಕ್ಕೆ. ಉಳಿದ 34 ಎಲ್ಲಿಂದ ತರುವುದು?

ಅಷ್ಟೇ ಅಲ್ಲ. ನಾಲ್ಕೂ ಹ್ಯಾಟಿ ಒಂದೇ ಸಲ ತತ್ತಿ ಇಡುವುದಿಲ್ಲ. ಒಂದು ಕಾವಿಗೆ ಕುಳಿತಿರುತ್ತದೆ. ಒಂದು ಮರಿ ಕಟ್ಟಿಕೊಂಡು ತಿರುಗುತ್ತಿರುತ್ತದೆ. 50 ತತ್ತಿ ಬೇಕಾದರೆ ತತ್ತಿ ಇಡುವ ಹ್ಯಾಟಿಗಳೇ 13 ಬೇಕು. ಮನೆಯ ಅರ್ಧ ಹ್ಯಾಟಿಗಳು ಸುಮ್ಮನಿರುತ್ತವೆ ಎಂದು ಹಿಡಿದರೆ ಒಟ್ಟು 26 ಹ್ಯಾಟಿ ಬೇಕು.

ಅಂಗಡಿಯ ಬಿಳಿ ತತ್ತಿ ತಂದು ತುಂಬಬಹುದೇ? ಆಗುವುದಿಲ್ಲ. ಆ ಫಾರಂಗಳಲ್ಲಿ ಹ್ಯಾಟಿಗಳ ಜೊತೆ ಹುಂಜ ಇರುವುದಿಲ್ಲ. ಹುಂಜ ಕೂಡದ ತತ್ತಿಯಲ್ಲಿ ಮರಿ ಆಗುವುದಿಲ್ಲ. ಎಷ್ಟು ಕಾವು ಕೊಟ್ಟರೂ ಆಗುವುದಿಲ್ಲ. 8–10 ಹ್ಯಾಟಿಗೆ ಒಂದು ಒಳ್ಳೆಯ ಹುಂಜ ಬೇಕು.

ಹಾಗಾದರೆ ಪೆಟ್ಟಿಗೆ ಯಾರಿಗೆ?

ನಾಲ್ಕೈದು ಹ್ಯಾಟಿ ಇದ್ದವರಿಗೆ ಕೋಳಿಯ ಕಾವೇ ಸಾಕು. ಒಂದು ಹ್ಯಾಟಿಯ ಕೆಳಗೆ 10–12 ತತ್ತಿ ಇಡಬಹುದು. ಬುಟ್ಟಿಯಲ್ಲಿ ಗೋಧಿ ಹೊಟ್ಟು ಹಾಸಿರಿ. ಮಂದ ಬೆಳಕಿನ ಮೂಲೆಯಲ್ಲಿ ಇಡಿರಿ. ಸಂಜೆ ಕತ್ತಲಾದ ಮೇಲೆ ಕೂಡ್ರಿಸಿರಿ. ಹತ್ತಿರ ಕಾಳು, ನೀರು ಇರಲಿ. ಹೇನು ಇದ್ದರೆ ಕೋಳಿ ಎದ್ದು ಎದ್ದು ಹೋಗುತ್ತದೆ. ಅದಕ್ಕೆ ಮೊದಲೇ ಬೂದಿಯಲ್ಲಿ ಹೊರಳಲು ಬಿಡಿರಿ. ಹೀಗೆ ಮಾಡಿದರೆ 10 ತತ್ತಿಯಲ್ಲಿ 7–8 ಮರಿ ಸಿಗುತ್ತವೆ. ಮರಿಗಳನ್ನು ಬೆಚ್ಚಗೆ ಇಡುವುದು, ಕಾಳು ಹೆಕ್ಕಲು ಕಲಿಸುವುದು, ಹದ್ದು ಬಂದರೆ ಕೂಗುವುದು, ಎಲ್ಲ ತಾಯಿಯೇ ಮಾಡುತ್ತದೆ.

ಆದರೆ ಪೆಟ್ಟಿಗೆಯಿಂದಲೂ ಲಾಭ ಇದೆ. ಕಾವಿಗೆ ಕುಳಿತ ಹ್ಯಾಟಿ 21 ದಿನ ತತ್ತಿ ಇಡುವುದಿಲ್ಲ. ಮರಿ ಬೆಳೆಸುವಾಗ ಮತ್ತೆ ಎರಡು ತಿಂಗಳ ತನಕ ಇಡುವುದಿಲ್ಲ. ಪೆಟ್ಟಿಗೆ ಇದ್ದರೆ ಹ್ಯಾಟಿಗೆ ಆ ಕೆಲಸ ತಪ್ಪುತ್ತದೆ. ಅದು ಬೇಗ ಮತ್ತೆ ತತ್ತಿಗೆ ಬರುತ್ತದೆ. ಹೆಚ್ಚು ಕೋಳಿ ಇದ್ದವರಿಗೆ, ಮರಿ ಮಾರುವವರಿಗೆ ಪೆಟ್ಟಿಗೆ ಒಳ್ಳೆಯದು.

ಇನ್ನೊಂದು ದಾರಿಯೂ ಇದೆ. ಓಣಿಯ ಐದು ಮನೆಯವರು ಕೂಡಿದರೆ? ಮನೆಗೆ 10 ತತ್ತಿ. ಐದು ಮನೆಗೆ 50. ಪೆಟ್ಟಿಗೆ ತುಂಬಿತು! 6,000 ರೂಪಾಯಿಯನ್ನು ಐದು ಪಾಲು ಮಾಡಿದರೆ ಒಂದು ಮನೆಗೆ 1,200. ಸ್ತ್ರೀಶಕ್ತಿ ಸಂಘದಲ್ಲಿ ಇಂಥ ಮಾತು ಆಡಬಹುದು.

ಕರೆಂಟಿನ ಲೆಕ್ಕ

ಪೆಟ್ಟಿಗೆಯ ಮೇಲೆ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ. 100 ವ್ಯಾಟ್ ಇದೆ ಎನ್ನೋಣ. 100 ವ್ಯಾಟ್ 10 ತಾಸು ಉರಿದರೆ 1 ಯೂನಿಟ್. ಪೆಟ್ಟಿಗೆ ಸಾಕಷ್ಟು ಬಿಸಿಯಾದರೆ ತಾನೇ ಬಂದ್ ಆಗುತ್ತದೆ. ಆರಿದರೆ ಚಾಲೂ ಆಗುತ್ತದೆ. ದಿನಕ್ಕೆ ಒಟ್ಟು 12 ತಾಸು ಉರಿದರೆ 1.2 ಯೂನಿಟ್. 21 ದಿನಕ್ಕೆ ಸುಮಾರು 25 ಯೂನಿಟ್.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂತು. ಅದರಲ್ಲಿ ಪ್ರತಿ ಮನೆಗೆ ಇಷ್ಟು ಯೂನಿಟ್ ಎಂದು ಗೊತ್ತು ಮಾಡಿದ್ದಾರೆ. ಅದನ್ನು ದಾಟಿದರೆ ರೊಕ್ಕ ಕಟ್ಟಬೇಕು. ನಿಮ್ಮ ಹೆಸ್ಕಾಂ ಬಿಲ್ಲು ತೆಗೆಯಿರಿ. ನೀವೇ ಓದಿರಿ. ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗುತ್ತದೆ? ಇನ್ನೂ 25 ಕೂಡಿದರೆ ಎಷ್ಟಾಗುತ್ತದೆ?

ಕೊಳ್ಳುವಾಗ ಏನು ನೋಡಬೇಕು?

ಕೊಳ್ಳಲೇಬೇಕು ಎಂದು ನಿಶ್ಚಯ ಮಾಡಿದಿರಾ? ಹಾಗಾದರೆ ಇವನ್ನು ನೋಡಿರಿ.

1. ಎಷ್ಟು ತತ್ತಿ ಹಿಡಿಯುತ್ತದೆ? ನಿಮಗೆ ಒಂದು ವಾರದಲ್ಲಿ ಸಿಗುವಷ್ಟು ಹಿಡಿದರೆ ಸಾಕು.

2. ಒಳಗೆ ಫ್ಯಾನು ಇದೆಯೇ? ಫ್ಯಾನು ಇಲ್ಲದಿದ್ದರೆ ಮೇಲೆ ಹೆಚ್ಚು ಬಿಸಿ, ಕೆಳಗೆ ಕಡಿಮೆ ಬಿಸಿ ಆಗುತ್ತದೆ.

3. ಬಿಸಿ ತೋರಿಸುವ ಅಂಕಿ ದೊಡ್ಡದಾಗಿ ಕಾಣುತ್ತದೆಯೇ? ಅದು ಸುಳ್ಳು ತೋರಿಸಬಹುದು. ಬೇರೆ ಥರ್ಮಾಮೀಟರ್ ಒಂದನ್ನು ಒಳಗೆ ಇಟ್ಟು ತಾಳೆ ನೋಡಿರಿ.

4. ಬ್ಯಾಟರಿಗೆ ಜೋಡಿಸಲು ಬರುತ್ತದೆಯೇ? ಮಳೆ ಗಾಳಿಗೆ ಕರೆಂಟ್ ಹೋಗುವ ಊರಿನಲ್ಲಿ ಇದು ಬಹಳ ಮುಖ್ಯ.

5. ತತ್ತಿ ತಿರುಗಿಸುವುದು ಮಶೀನೋ, ಕೈಯೋ? ಕೈಯಾದರೆ ಬೆಲೆ ಕಡಿಮೆ. ಆದರೆ ಹೊಲಕ್ಕೆ ಹೋಗುವವರಿಗೆ ಕಷ್ಟ.

6. ಒಳಗೆ ತೊಳೆಯಲು ಬರುತ್ತದೆಯೇ? ಪ್ರತಿ ಸಲ ತೊಳೆದು ಒಣಗಿಸದಿದ್ದರೆ ರೋಗ ಉಳಿಯುತ್ತದೆ.

7. ಕೆಟ್ಟರೆ ರಿಪೇರಿ ಮಾಡುವವರು ಯಾರು? ಎಲ್ಲಿದ್ದಾರೆ? ಬಿಲ್ಲು, ಗ್ಯಾರಂಟಿ ಚೀಟಿ ಕೊಡುತ್ತಾರೆಯೇ? ಬಾಯಿ ಮಾತು ನಂಬಬೇಡಿರಿ. ಬರೆದದ್ದನ್ನು ಓದಿ ತೆಗೆದುಕೊಳ್ಳಿರಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳ ನಡೆಯುತ್ತದೆ. ನಮ್ಮ ಕಡೆಯಿಂದ ಬಹಳ ಜನ ಹೋಗುತ್ತಾರೆ. ಅಂಥ ಕಡೆ ಪೆಟ್ಟಿಗೆ ಕಂಡರೆ ತೆಗೆಸಿ ನೋಡಿರಿ. ನಾಚಿಕೆ ಬೇಡ. ರೊಕ್ಕ ಕೊಡುವವರು ನೀವು.

ಎಂಥ ತತ್ತಿ ಇಡಬೇಕು?

ಬಹಳ ದೊಡ್ಡದು ಬೇಡ. ಬಹಳ ಸಣ್ಣದು ಬೇಡ. ಸೀಳು ಬಿಟ್ಟದ್ದು ಬೇಡ. ಸಗಣಿ ಹತ್ತಿದ ಹಾಗೆ ಹೊಲಸಾದದ್ದು ಬೇಡ. ತತ್ತಿಯನ್ನು ತೊಳೆಯಬೇಡಿರಿ. ತೊಳೆದರೆ ಚಿಪ್ಪಿನ ಮೇಲಿನ ಕಾವಲು ಪದರ ಹೋಗುತ್ತದೆ. ರೋಗ ಒಳಗೆ ಸೇರುತ್ತದೆ.

ಕೂಡಿಸಿ ಇಡುವಾಗ ಚೂಪಾದ ತುದಿ ಕೆಳಗೆ ಇರಲಿ. ತಂಪು ಜಾಗ ಬೇಕು. ಫ್ರಿಜ್ಜಿನಲ್ಲಿ ಇಡಬೇಡಿರಿ. ಅಗಲ ಬಾಯಿಯ ಗಡಿಗೆಯಲ್ಲಿ ಹಸಿ ಉಸುಕು ಹಾಕಿರಿ. ಅದರ ಮೇಲೆ ಬುಟ್ಟಿಯಲ್ಲಿ ತತ್ತಿ ಇಟ್ಟು ತೆಳು ಅರಿವೆ ಮುಚ್ಚಿರಿ. ಬೇಸಿಗೆಯಲ್ಲಿ 3–4 ದಿನಕ್ಕಿಂತ ಹೆಚ್ಚು ಇಡಬೇಡಿರಿ.

ರೋಗ ಬಿದ್ದ ಮನೆಯ ತತ್ತಿ ತರಬೇಡಿರಿ. ಒಂದು ಮನೆಯ ರೋಗ ಐದು ಮನೆಗೆ ಹರಡುತ್ತದೆ.

ಗಿರಿರಾಜ ಕೋಳಿ ಸಾಕಿದವರಿಗೆ ಒಂದು ಮಾತು. ಈ ತಳಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾಯಿತು. ಇದು ಮಿಶ್ರ ತಳಿ. ಇದರ ತತ್ತಿಯಿಂದ ಮನೆಯಲ್ಲಿ ಮರಿ ಮಾಡಿದರೆ ತಾಯಿ ತಂದೆಯ ಎಲ್ಲ ಗುಣ ಬರುವುದಿಲ್ಲ. ಈ ತಳಿ ಬೇಕಾದರೆ ಮರಿಗಳನ್ನೇ ಕೊಂಡು ತರುವುದು ಒಳ್ಳೆಯದು.

21 ದಿನದ ಕೆಲಸ

ಮೊದಲು ಬರಿ ಪೆಟ್ಟಿಗೆಯನ್ನು ಒಂದು ದಿನ ಪೂರ್ತಿ ಚಾಲೂ ಇಡಿರಿ. ಬಿಸಿ ಒಂದೇ ಸಮ ನಿಂತ ಮೇಲೆ ತತ್ತಿ ಇಡಿರಿ.

ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾರನ್‌ಹೀಟ್ ಅಂಕಿಯಲ್ಲಿ ಇದು 99.5. ನಮ್ಮ ಮೈಬಿಸಿಗಿಂತ ತುಸು ಹೆಚ್ಚು, ಅಷ್ಟೇ. ಇದು ಫ್ಯಾನು ಇರುವ ಪೆಟ್ಟಿಗೆಯ ಲೆಕ್ಕ. ಫ್ಯಾನು ಇಲ್ಲದಿದ್ದರೆ ತತ್ತಿಯ ಮೇಲ್ಭಾಗದಲ್ಲಿ 38.5 ಇರಬೇಕು. ತೇವದ ಅಂಕಿ 50ರಿಂದ 55 ಇರಲಿ.

ತತ್ತಿಯ ಒಂದು ಬದಿಗೆ ಪೆನ್ಸಿಲಿನಿಂದ + ಬರೆಯಿರಿ. ಇನ್ನೊಂದು ಬದಿಗೆ 0 ಬರೆಯಿರಿ. ಮುಂಜಾನೆ, ಮಧ್ಯಾಹ್ನ, ರಾತ್ರಿ, ಹೀಗೆ ದಿನಕ್ಕೆ 3 ಸಲ ತಿರುಗಿಸಿರಿ. ಮೂರೇ ಏಕೆ? ರಾತ್ರಿಯ ಹೊತ್ತು ಬಹಳ ಉದ್ದ. 2 ಸಲ ತಿರುಗಿಸಿದರೆ ಪ್ರತಿ ರಾತ್ರಿ ಒಂದೇ ಬದಿ ಮೇಲೆ ಬರುತ್ತದೆ. 3 ಸಲ ತಿರುಗಿಸಿದರೆ ಇಂದು ರಾತ್ರಿ +, ನಾಳೆ ರಾತ್ರಿ 0 ಬರುತ್ತದೆ.

ಐದು ಮನೆಯ ತತ್ತಿ ಕೂಡಿದ್ದರೆ ಇನ್ನೊಂದು ಗುರುತು ಬೇಕು. ನಿಮ್ಮ ಹೆಸರಿನ ಮೊದಲ ಅಕ್ಷರ ಬರೆಯಿರಿ. ಯಾರ ತತ್ತಿ ಎಷ್ಟು ಮರಿಯಾಯಿತು ಎಂದು ಜಗಳ ಬರುವುದಿಲ್ಲ.

ದಿನ ಎಣಿಸುವುದು ಸುಲಭ. 21 ದಿನ ಎಂದರೆ 3 ವಾರ. ಸೋಮವಾರ ಇಟ್ಟರೆ ಮೂರು ವಾರದ ಮೇಲೆ ಸೋಮವಾರವೇ ಮರಿ ಬರುತ್ತದೆ. ಒಂದು ದಿನ ಹಿಂದೆ ಮುಂದೆ ಆಗಬಹುದು.

7ನೆಯ ದಿನ, ಅಂದರೆ ಮುಂದಿನ ಸೋಮವಾರ, ತತ್ತಿ ಪರೀಕ್ಷೆ ಮಾಡಿರಿ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಬ್ಯಾಟರಿ ಬೆಳಕಿಗೆ ತತ್ತಿ ಹಿಡಿಯಿರಿ. ಜೇಡದ ಕಾಲಿನ ಹಾಗೆ ಕೆಂಪು ನರ ಕಂಡರೆ ಒಳಗೆ ಮರಿ ಇದೆ. ಏನೂ ಕಾಣದೆ ಪೂರ್ತಿ ತಿಳಿಯಾಗಿದ್ದರೆ ಅದು ಬರಡು ತತ್ತಿ. ಕೆಂಪು ಉಂಗುರ ಕಂಡರೆ ಮರಿ ಸತ್ತಿದೆ. ಇಂಥವನ್ನು ತೆಗೆದು ಹಾಕಿರಿ. ಬಿಟ್ಟರೆ ಕೊಳೆತು ಒಡೆಯುತ್ತವೆ. ತಿನ್ನಬೇಡಿರಿ.

18ನೆಯ ದಿನ, ಅಂದರೆ ಶುಕ್ರವಾರ, ತಿರುಗಿಸುವುದನ್ನು ನಿಲ್ಲಿಸಿರಿ. ತೇವವನ್ನು 65ರಿಂದ 70ಕ್ಕೆ ಏರಿಸಿರಿ. ನೀರಿನ ತಟ್ಟೆ ತುಂಬಿರಿ. ಆಮೇಲೆ ಮುಚ್ಚಳ ತೆಗೆಯಬೇಡಿರಿ.

ಇಲ್ಲಿ ನಾನೂ ಒಮ್ಮೆ ತಪ್ಪಿದ್ದೇನೆ. ಕಡ ತಂದ ಪೆಟ್ಟಿಗೆಯಲ್ಲಿ 20 ತತ್ತಿ ಇಟ್ಟಿದ್ದೆ. 20ನೆಯ ದಿನ ಚಿಪ್ಪು ಒಡೆಯತೊಡಗಿತು. ಆಸೆ ತಡೆಯಲಿಲ್ಲ. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದೆ. ತೇವವೆಲ್ಲ ಹೊರಗೆ ಹೋಯಿತು. ಒಳಗಿನ ಪೊರೆ ಒಣಗಿ ಮರಿಯ ಮೈಗೆ ಅಂಟಿತು. 5 ಮರಿ ಚಿಪ್ಪಿನಲ್ಲೇ ಸತ್ತವು. ಕೋಳಿ ಆ ಹೊತ್ತಿನಲ್ಲಿ ಏಕೆ ಮೇಲೆ ಏಳುವುದಿಲ್ಲ ಎಂದು ನನಗೆ ಅಂದು ತಿಳಿಯಿತು.

ಚಿಪ್ಪಿಗೆ ತೂತು ಬಿದ್ದ ಮೇಲೆ ಮರಿ ಹೊರಬರಲು 12ರಿಂದ 24 ತಾಸು ಹಿಡಿಯಬಹುದು. ಕೈಯಿಂದ ಸುಲಿಯಬೇಡಿರಿ. ರಕ್ತ ಸುರಿದು ಸಾಯುತ್ತದೆ.

ಕರೆಂಟ್ ಹೋದರೆ?

ಗುಡುಗು ಹೊಡೆದರೆ ತತ್ತಿ ಕೆಡುತ್ತದೆ ಎಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುವವರಿದ್ದಾರೆ. ಇಟ್ಟರೆ ನಷ್ಟವಿಲ್ಲ. ಆದರೆ ಪೆಟ್ಟಿಗೆಯ ತತ್ತಿ ಕೆಡುವುದು ಗುಡುಗಿನಿಂದ ಅಲ್ಲ. ಗುಡುಗಿದಾಗ ಹೋಗುವ ಕರೆಂಟಿನಿಂದ.

ಕರೆಂಟ್ ಹೋದ ಕೂಡಲೇ ಹೆದರಬೇಡಿರಿ. ಒಂದೆರಡು ತಾಸು ತಂಪಾದರೆ ಮರಿ ಸಾಯುವುದಿಲ್ಲ. ಮುಚ್ಚಳ ತೆಗೆಯಬೇಡಿರಿ. ಪೆಟ್ಟಿಗೆಗೆ ಕೌದಿ ಹೊದಿಸಿರಿ. ಗಾಳಿಯ ತೂತು ಮಾತ್ರ ಬಿಡಿರಿ. ಹೊತ್ತಾದರೆ ಬಾಟಲಿಯಲ್ಲಿ ಬಿಸಿ ನೀರು ತುಂಬಿ, ಅರಿವೆ ಸುತ್ತಿ, ತತ್ತಿಯ ಪಕ್ಕ ಇಡಿರಿ. ಬ್ಯಾಟರಿ ಇದ್ದರೆ ಜೋಡಿಸಿರಿ.

ತಂಪಿಗಿಂತ ಅತಿ ಬಿಸಿ ಕೆಟ್ಟದ್ದು. 40 ಡಿಗ್ರಿ ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ಮರಿ ಸಾಯುತ್ತದೆ. ಪೆಟ್ಟಿಗೆ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಇಡಲೇಬೇಡಿರಿ. ಮಣ್ಣಿನ ಗೋಡೆಯ ಮಾಳಿಗೆ ಮನೆಯ ಒಳಕೋಣೆ ಒಳ್ಳೆಯದು. ಕಿಟಕಿಯ ಬಿಸಿಲು ಬೀಳಬಾರದು. ಒಲೆಯ ಹತ್ತಿರ ಬೇಡ.

ಮರಿ ಬಂದ ಮೇಲೆ

ಪೆಟ್ಟಿಗೆಯ ಮರಿಗೆ ತಾಯಿ ಇಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಕೊಳ್ಳುವ ಮೊದಲೇ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೈ ಒಣಗಿ ಪುಕ್ಕ ಬಿಚ್ಚಿಕೊಂಡ ಮೇಲೆ ಮರಿ ಹೊರಗೆ ತೆಗೆಯಿರಿ. ಮೊದಲ ವಾರ 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿ ಕಡಿಮೆ ಮಾಡುತ್ತ ಬನ್ನಿರಿ. ಒಳಗೆ ತಂತಿ ಉರಿಯುವ ಹಳೆಯ ಬಲ್ಬು ಬಿಸಿ ಕೊಡುತ್ತದೆ. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬೇಕಾದಷ್ಟು ಬಿಸಿ ಕೊಡುವುದಿಲ್ಲ.

ಮರಿಗಳನ್ನು ನೋಡಿದರೆ ತಿಳಿಯುತ್ತದೆ. ಒಂದರ ಮೇಲೊಂದು ಬಿದ್ದು ಚೀಂವ್‌ಗುಟ್ಟಿದರೆ ಅವಕ್ಕೆ ಚಳಿ. ಬಲ್ಬಿನಿಂದ ದೂರ ಓಡಿ ಬಾಯಿ ತೆರೆದರೆ ಸೆಕೆ. ಎಲ್ಲ ಕಡೆ ಹರಡಿ ಹೆಕ್ಕುತ್ತಿದ್ದರೆ ಸರಿಯಾಗಿದೆ.

ಅದೇ ದಿನ ಹ್ಯಾಟಿಯ ಕೆಳಗೂ ಮರಿ ಆಗಿದ್ದರೆ ಒಂದು ಉಪಾಯ ಇದೆ. ರಾತ್ರಿ ಕತ್ತಲಲ್ಲಿ ಪೆಟ್ಟಿಗೆಯ ಕೆಲವು ಮರಿಗಳನ್ನು ಮೆಲ್ಲಗೆ ಅದರ ರೆಕ್ಕೆಯ ಕೆಳಗೆ ಸೇರಿಸಿರಿ. ಬಹಳ ಸಲ ತನ್ನ ಮರಿ ಎಂದೇ ಸಾಕುತ್ತದೆ. ಕುಕ್ಕಿದರೆ ಕೂಡಲೇ ತೆಗೆಯಿರಿ.

ಐದರಿಂದ ಏಳು ದಿನದ ಒಳಗೆ ರಾಣಿಖೇತ್ ರೋಗದ ಲಸಿಕೆ ಹಾಕಿಸಿರಿ. ಇದನ್ನೇ ಕೊಕ್ಕರೆ ರೋಗ ಎನ್ನುತ್ತಾರೆ. ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕುತ್ತಾರೆ. ಈ ರೋಗ ಬಂದರೆ ಓಣಿಯ ಕೋಳಿಯೆಲ್ಲ ಸಾಯಬಹುದು. ಮುಂದಿನ ಲಸಿಕೆ ಯಾವಾಗ ಎಂದು ದನದ ದವಾಖಾನೆಯಲ್ಲಿ ಕೇಳಿ ಬರೆದುಕೊಳ್ಳಿರಿ.

ಆ ಅಕ್ಕ ಏನು ಮಾಡಿದರು?

ಅವರು ಮನೆಗೆ ಹೋಗಿ ಕ್ಯಾಲೆಂಡರಿನ ಮೇಲೆ ಬರೆಯತೊಡಗಿದರು. ಸೋಮವಾರ 2. ಮಂಗಳವಾರ 1. ಬುಧವಾರ 2. ಹೀಗೆ ಒಂದು ವಾರ ಬರೆದು ತಂದರು.

"ಅಕ್ಕೋರ, ಒಟ್ಟ 11 ಆದವ್ರಿ. ಒಂದು ಹ್ಯಾಟಿ ಬ್ಯಾರೆ ಕಾವಿಗೆ ಬಂದೈತಿ."

"ಹಂಗಾರ ಮಶೀನು?"

"ಹನ್ನೊಂದು ತತ್ತಿಗೆ ಆರು ಸಾವಿರ ಯಾರ ಹಾಕತಾರ್ರಿ? ಹ್ಯಾಟಿ ಕೆಳಗನ ಇಟ್ಟೆ. ಆದ್ರ ಸಂಘದಾಗ ಮಾತ ತಗದೇನಿ. ಮೂರು ಮಂದಿ ಹೂಂ ಅಂದಾರ. ಇನ್ನ ಇಬ್ಬರು ಬೇಕು."

ಅವರ ರೊಕ್ಕ ಅವರ ಗಂಟಿನಲ್ಲೇ ಉಳಿಯಿತು. ಮುಂದೆ ಕೊಂಡರೂ ಲೆಕ್ಕ ತಿಳಿದು ಕೊಳ್ಳುತ್ತಾರೆ.

ನೀವೂ ಲೆಕ್ಕ ಮಾಡಿರಿ

1. ನಿಮ್ಮ ಮನೆಯಲ್ಲಿ ಒಂದು ವಾರಕ್ಕೆ ಎಷ್ಟು ತತ್ತಿ ಸಿಗುತ್ತವೆ? ದಿನಾಲು ಬರೆದು ಕೂಡಿಸಿರಿ.

2. ಗುರುವಾರ ತತ್ತಿ ಇಟ್ಟರೆ ತಿರುಗಿಸುವುದನ್ನು ಯಾವ ವಾರ ನಿಲ್ಲಿಸಬೇಕು? ಮರಿ ಯಾವ ವಾರ ಬರುತ್ತದೆ?

3. ನಾಲ್ಕು ಮನೆಯವರು ಕೂಡಿ 6,000 ರೂಪಾಯಿಯ ಪೆಟ್ಟಿಗೆ ಕೊಂಡರೆ ಒಂದು ಮನೆಗೆ ಎಷ್ಟು ಬೀಳುತ್ತದೆ?